ಪಾರ್ಸಿಮೋನಿಯಸ್: ಹೊಗಳಿಕೆಯೋ, ಬೈಗುಳವೋ?

ಬ್ಯಾಂಕ್, ಎಸ್‌ಎಸ್‌ಸಿ, ರೈಲ್ವೆ, ಯಾವ ಪರೀಕ್ಷೆಗೆ ಓದುವವರ ನೋಟ್‌ಬುಕ್ ತೆರೆದರೂ ಈ ಪದ ಸಿಕ್ಕೇ ಸಿಗುತ್ತದೆ: ಪಾರ್ಸಿಮೋನಿಯಸ್. ಅದರ ಮುಂದೆ ಒಂದು ಸಮ ಚಿಹ್ನೆ, ಆಚೆಗೆ ‘ಮಿತವ್ಯಯಿ’. ಕಲಿಕೆ ಅಲ್ಲಿಗೆ ಮುಗಿಯಿತು ಎಂದು ಮಕ್ಕಳು ಮುಂದಿನ ಪದಕ್ಕೆ ಹೋಗುತ್ತಾರೆ. ಈ ಸಮ ಚಿಹ್ನೆಯನ್ನು ನಂಬಿದ ಹುಡುಗನೊಬ್ಬ ಸಂದರ್ಶನದ ಅಭ್ಯಾಸದಲ್ಲಿ ‘ನಿನ್ನ ಒಂದು ಒಳ್ಳೆಯ ಗುಣ ಹೇಳು’ ಎಂದು ಕೇಳಿದಾಗ, ತಾನು ಪಾರ್ಸಿಮೋನಿಯಸ್ ಎಂದು ಇಂಗ್ಲಿಷಿನಲ್ಲಿ ಎದೆಯುಬ್ಬಿಸಿ ಹೇಳಿದ. ‘ನಾನು ಹುಟ್ಟಾ ಕಂಜೂಸ್’ ಎಂದು ಸಾರಿದಂತಾಯಿತು. ನಿಜವಾದ ಸಂದರ್ಶನವಾಗಿದ್ದರೆ ಎದುರಿಗೆ ಕುಳಿತವರು ಮುಗುಳ್ನಕ್ಕು ಮುಂದಿನ ಅಭ್ಯರ್ಥಿಯನ್ನು ಕರೆಯುತ್ತಿದ್ದರು.

ನಾನು ಕಲಬುರಗಿಯವಳು, ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಈಗ ಸಂಜೆ ಬಿಸಿಲು ಇಳಿದ ಮೇಲೆ ಮನೆಯ ಮಾಳಿಗೆಯ ಮೇಲೆ ಚಾಪೆ ಹಾಸಿ, ಸೇಡಂ, ಚಿತ್ತಾಪುರ, ಆಳಂದ, ಶಹಾಪುರ ಕಡೆಯಿಂದ ಬಂದು ಇಲ್ಲಿ ರೂಮು ಮಾಡಿಕೊಂಡು ಓದುತ್ತಿರುವ ಮಕ್ಕಳಿಗೆ ಪಾಠ ಹೇಳುತ್ತೇನೆ. ಶುಲ್ಕವಿಲ್ಲ, ಸೀಮೆಸುಣ್ಣ ಮಾತ್ರ ಅವರೇ ತರಬೇಕು. ದಿನಕ್ಕೆ ಐವತ್ತು ಪದ ಕಲಿಸುತ್ತೇವೆ ಎಂದು ಫಲಕ ಹಾಕಿಕೊಂಡವರು ಈ ಊರಿನಲ್ಲಿ ಬೇಕಾದಷ್ಟು ಜನರಿದ್ದಾರೆ. ನಾನು ಒಂದು ಪದಕ್ಕೆ ಒಂದು ಸಂಜೆ ಕೊಡುವವಳು. ಈ ಪದಕ್ಕೆ ಆ ಸಂಜೆಯನ್ನು ಹೇಗೆ ಕೊಡಬೇಕು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಬಾಯಿಗೆ ಬರಲಿ

ಹೇಳಲು ಬಾರದ ಪದ ನೆನಪಿನಲ್ಲಿ ನಿಲ್ಲುವುದಿಲ್ಲ. ಪಾರ್ಸಿಮೋನಿಯಸ್ ಎನ್ನುವಾಗ ಒತ್ತು ‘ಮೋ’ ಮೇಲೆ ಬೀಳಬೇಕು. ನಮ್ಮ ಕಡೆಯವರಿಗೆ ಇದು ಕಷ್ಟವಲ್ಲ. ಭಜನೆಯಲ್ಲಿ ಕುಳಿತವರೆಲ್ಲರ ಬಾಯಲ್ಲಿ ‘ಹಾರ್ಮೋನಿಯಂ’ ಓಡಾಡಿದೆ. ಒಮ್ಮೆ ಹಾರ್ಮೋನಿಯಂ ಎನ್ನಿ, ಅದೇ ಓಟದಲ್ಲಿ ಪಾರ್ಸಿಮೋನಿಯಸ್ ಎನ್ನಿ. ನಾಮಪದಕ್ಕೆ ಬಂದಾಗ ಒತ್ತು ಹಿಂದಕ್ಕೆ ಸರಿದು ಮೊದಲ ಅಕ್ಷರಕ್ಕೆ ಹೋಗುತ್ತದೆ: ಪಾರ್ಸಿಮನಿ. ಹಾರ್ಮನಿ–ಹಾರ್ಮೋನಿಯಸ್, ಸೆರಮನಿ–ಸೆರಮೋನಿಯಸ್ ಜೋಡಿಗಳೂ ಹೀಗೆಯೇ ನಡೆಯುತ್ತವೆ. ಒಂದನ್ನು ಕಲಿತರೆ ಮೂರು ಬಂದ ಹಾಗೆ.

ಬಾಲದಲ್ಲಿರುವ ‘ಮನಿ’ಗೂ ಹಣಕ್ಕೂ ಸಂಬಂಧವಿಲ್ಲ. (ನಮ್ಮ ಊರಿನ ಆಡುಮಾತಿನಲ್ಲಿ ಮನಿ ಎಂದರೆ ಮನೆ, ಅದಕ್ಕೂ ಸಂಬಂಧವಿಲ್ಲ.) ಪರ್ಸಿನಲ್ಲಿ ಮನಿ ಇದ್ದರೂ ತೆಗೆಯದವನು ಪಾರ್ಸಿಮೋನಿಯಸ್ ಎಂಬ ಚಮತ್ಕಾರವನ್ನು ಹುಡುಗರು ಹೇಳಿಕೊಳ್ಳುತ್ತಾರೆ. ಪರೀಕ್ಷೆಯ ಹಿಂದಿನ ರಾತ್ರಿ ಅದೂ ಕೈಹಿಡಿಯಬಹುದು, ಬೇಡವೆನ್ನುವುದಿಲ್ಲ. ಆದರೆ ಪಾರ್ಸಿ ಜನರನ್ನು ಈ ಪದದೊಳಗೆ ಎಳೆದು ತರುವ ಚಮತ್ಕಾರಕ್ಕೆ ನನ್ನ ಮಾಳಿಗೆಯ ಮೇಲೆ ಜಾಗವಿಲ್ಲ. ಆಸ್ಪತ್ರೆ, ವಿದ್ಯಾಸಂಸ್ಥೆಗಳಿಗೆ ಕೈಯೆತ್ತಿ ಕೊಟ್ಟು ಹೆಸರಾದ ಸಮುದಾಯವನ್ನು ಜಿಪುಣತನಕ್ಕೆ ಗಂಟು ಹಾಕುವುದು ಸುಳ್ಳೂ ಹೌದು, ಅನ್ಯಾಯವೂ ಹೌದು. ಪದದ ಬೇರು ಲ್ಯಾಟಿನ್ ಭಾಷೆಯ ‘ಪಾರ್ಕೆರೆ’: ಉಳಿಸು, ಬಳಸದೆ ತಡೆದುಕೋ ಎಂದು ಅದರ ಅರ್ಥ.

ಕಂಜೂಸ್ ಒಂದು ಕಡೆ, ಕಿಫಾಯತ್ ಇನ್ನೊಂದು ಕಡೆ

ಈಗ ಮುಖ್ಯ ಪಾಠ. ಕಡಿಮೆ ಖರ್ಚು ಮಾಡುವವರನ್ನು ಕುರಿತ ಇಂಗ್ಲಿಷ್ ಪದಗಳನ್ನು ಅರ್ಥ ನೋಡಿ ಕಲಿಯಲು ಹೊರಟರೆ ಎಲ್ಲವೂ ಒಂದೇ ಎನಿಸುತ್ತವೆ. ಫ್ರೂಗಲ್, ಥ್ರಿಫ್ಟಿ, ಎಕನಾಮಿಕಲ್, ಸ್ಟಿಂಜಿ, ಮೈಸರ್ಲಿ, ಪಾರ್ಸಿಮೋನಿಯಸ್, ಎಲ್ಲದರಲ್ಲೂ ಹಣ ಕೈಬಿಟ್ಟು ಹೋಗುವುದಿಲ್ಲ. ಹಾಗಾಗಿ ಅರ್ಥಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಪದವನ್ನು ಒಬ್ಬರ ಮುಖದ ಮುಂದೆ ಹೇಳಿದರೆ ಅವರು ನಗುತ್ತಾರೆಯೇ, ಜಗಳಕ್ಕೆ ಬರುತ್ತಾರೆಯೇ?

ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ಸೀಮೆಯವರಿಗೆ ಒಂದು ಅನುಕೂಲವಿದೆ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಕಲಬುರಗಿ, ಬೀದರ್, ಯಾದಗಿರಿಗಳಲ್ಲಿ ಕನ್ನಡದ ಮಗ್ಗುಲಲ್ಲೇ ಉರ್ದು ಬೆಳೆದಿದೆ. ಉರ್ದು ಬಲ್ಲ ನೆರೆಮನೆಯವರು ‘ಕಿಫಾಯತ್’ ಎಂದಾಗ ಅದು ಹೊಗಳಿಕೆ: ಅಳತೆ ಬಲ್ಲ ಸಂಸಾರ, ವ್ಯರ್ಥವಿಲ್ಲದ ಖರ್ಚು. ‘ಕಂಜೂಸ್’ ಎಂದರೆ ಏನೆಂದು ಇಲ್ಲಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಖರ್ಚಿನ ಲೆಕ್ಕ ಬರೆದು ನೋಡಿದರೆ ಇಬ್ಬರದೂ ಒಂದೇ ಮೊತ್ತ ಬರಬಹುದು. ಊರಿನ ಬಾಯಲ್ಲಿ ಇಬ್ಬರೂ ಒಂದೇ ಅಲ್ಲ. ಫ್ರೂಗಲ್ ಕಿಫಾಯತ್ ಕಡೆಯದು. ಸ್ಟಿಂಜಿ ನೇರವಾಗಿ ಕಂಜೂಸ್. ಪಾರ್ಸಿಮೋನಿಯಸ್ ಕೂಡ ಕಂಜೂಸ್ ಕಡೆಯದೇ, ಆದರೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಕಂಜೂಸ್: ಸಂಪಾದಕೀಯದಲ್ಲಿ, ವರದಿಯಲ್ಲಿ, ಪ್ರಬಂಧದಲ್ಲಿ ಬರುತ್ತದೆಯೇ ಹೊರತು ಚಹಾ ಅಂಗಡಿಯ ಮಾತಿನಲ್ಲಿ ಬರುವುದಿಲ್ಲ.

ಇದನ್ನು ಗಟ್ಟಿ ಮಾಡಿಕೊಳ್ಳಲು ನಿಮ್ಮ ಓಣಿಯ ಕೆಲವರನ್ನು ಮನಸ್ಸಿನಲ್ಲೇ ಆರಿಸಿ, ಒಬ್ಬೊಬ್ಬರಿಗೆ ಒಂದೊಂದು ಪದ ಹಂಚಿ. ಮನಸ್ಸಿನಲ್ಲೇ ಎಂದದ್ದನ್ನು ಮರೆಯಬೇಡಿ. ನೋಟ್‌ಬುಕ್ಕಿನಲ್ಲಿ ಹೆಸರು ಬರೆದಿಟ್ಟು ಪೇಚಿಗೆ ಸಿಕ್ಕವರಿದ್ದಾರೆ.

ನಾನು ಫ್ರೂಗಲ್ ಪದವನ್ನು ನಮ್ಮ ಅವ್ವನಿಗೆ ಕೊಟ್ಟಿದ್ದೇನೆ. ಬಿಸಿಲೂರಿನಲ್ಲಿ ನೀರಿನ ಬೆಲೆ ಬಲ್ಲವಳು ಅವಳು. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ, ಪಾತ್ರೆ ಬೆಳಗಿದ ನೀರು ಅಂಗಳಕ್ಕೆ. ಹೋಳಿಗೆಯ ದಿನ ಬೇಳೆ ಬಸಿದ ಕಟ್ಟನ್ನು ಚೆಲ್ಲಿದರೆ ಅವಳಿಗೆ ಆ ಹೋಳಿಗೆಯೇ ರುಚಿಸುತ್ತಿರಲಿಲ್ಲ. ಕಟ್ಟಿನ ಸಾರು ಇಲ್ಲದೆ ಹಬ್ಬ ಮುಗಿಯುವುದಿಲ್ಲ. ಮಿಕ್ಕ ಜೋಳದ ರೊಟ್ಟಿ ಖಡಕ್ ಆಗಿ ಬುಟ್ಟಿಯಲ್ಲಿ ಕೂರುತ್ತಿತ್ತು, ಶೇಂಗಾ ಹಿಂಡಿಯ ಜೊತೆ ಅದೇ ಪ್ರಯಾಣದ ಬುತ್ತಿ. ತೊಗರಿಯ ರಾಶಿ ಮುಗಿದರೆ ಕಾಳು ಗಂಜಿಗೆ, ಎಂದರೆ ಮಾರುಕಟ್ಟೆಗೆ, ಹೊಟ್ಟು ದನಕ್ಕೆ, ಕಟ್ಟಿಗೆ ಒಲೆಗೆ. ಯಾವುದೂ ಹಾಳಾಗುತ್ತಿರಲಿಲ್ಲ. ಆದರೆ ಹೊತ್ತಲ್ಲದ ಹೊತ್ತಿನಲ್ಲಿ ಯಾರು ಬಾಗಿಲಿಗೆ ಬಂದರೂ ‘ಕೈಕಾಲು ತೊಳೆದುಕೊಳ್ಳಿ’ ಎಂಬ ಮಾತು ಮೊದಲು ಬರುತ್ತಿತ್ತು. ಲ್ಯಾಟಿನ್ನಿನಲ್ಲಿ ಫ್ರೂಗಲ್ ಪದದ ಬೇರಿಗೆ ಫಲ, ಬೆಳೆ ಎಂಬ ಅರ್ಥವಿದೆ. ಇಂಗ್ಲಿಷಿನ ಫ್ರೂಟ್ ಕೂಡ ಅದಕ್ಕೆ ಸೋದರಸಂಬಂಧಿ. ಬೆಳೆ ಮನೆಗೆ ತಂದವರಿಗೆ ಅದರ ಒಂದು ಕಾಳೂ ವ್ಯರ್ಥವಾಗಬಾರದು ಎನಿಸುವುದನ್ನು ತೊಗರಿಯ ನಾಡಿನಲ್ಲಿ ವಿವರಿಸುವುದೇನು ಬಂತು?

ಪಾರ್ಸಿಮೋನಿಯಸ್ ಪದ ನಮ್ಮ ಓಣಿಯ ಒಬ್ಬ ಮನೆ ಮಾಲೀಕರಿಗೆ ಸಂದಿದೆ. ಬಾಡಿಗೆಗೆ ಕೊಟ್ಟ ಮನೆಗಳು ಸಾಲುಸಾಲಾಗಿವೆ. ಬೋರಿನಲ್ಲಿ ನೀರಿದ್ದರೂ ಬೇಸಿಗೆಯಲ್ಲಿ ಮೋಟಾರಿನ ಕೋಣೆಗೆ ಬೀಗ, ಬಾಡಿಗೆಯವರ ಪಾಲಿಗೆ ದಿನಕ್ಕೆ ಅಷ್ಟೇ ಕೊಡ. ತಮ್ಮ ಹಣ ತಾವು ಉಳಿಸಿಕೊಂಡರೆ ಅದು ಅವರ ಇಷ್ಟ, ನಾನಾದರೂ ಯಾಕೆ ಮಾತಾಡಲಿ? ಅವರ ಉಳಿತಾಯ ಇನ್ನೊಬ್ಬರ ಗಂಟಲಿಗೆ ತಾಕುತ್ತಿದೆ, ಅಲ್ಲಿಗೆ ಪದ ಬದಲಾಗುತ್ತದೆ. ಪಾರ್ಸಿಮೋನಿಯಸ್ ಎನ್ನಬೇಕಾದರೆ ಕೊಡಲು ಇರಬೇಕು, ಕೊಡಬೇಕಾದ ಜಾಗದಲ್ಲಿ ಕೈ ಹಿಂದೆ ಸರಿಯಬೇಕು. ಇಲ್ಲದವರ ಮಿತವನ್ನು ಈ ಪದದಿಂದ ಕರೆಯುವುದು ಕ್ರೌರ್ಯ.

ಎರಡು ವಿರುದ್ಧ ಪದಗಳು

ಪರೀಕ್ಷೆಯಲ್ಲಿ ವಿರುದ್ಧಾರ್ಥಕ ಕೇಳುತ್ತಾರೆ, ಮಕ್ಕಳು ಅಲ್ಲೇ ಎಡವುತ್ತಾರೆ. ಫ್ರೂಗಲ್ ಪದಕ್ಕೆ ಎದುರು ನಿಲ್ಲುವುದು ದುಂದುಗಾರಿಕೆ: ಎಕ್ಸ್‌ಟ್ರಾವಗಂಟ್, ವೇಸ್ಟ್‌ಫುಲ್. ಸ್ಟಿಂಜಿ ಪದಕ್ಕೆ ಎದುರು ನಿಲ್ಲುವುದು ಔದಾರ್ಯ: ಜೆನರಸ್. ಇವೆರಡೂ ಒಂದೇ ಗೆರೆಯ ಎರಡು ತುದಿಗಳಲ್ಲ. ಬೇರೆ ಬೇರೆ ಗೆರೆಗಳು. ಒಂದು ನನ್ನ ಮೇಲೆ ನಾನು ಮಾಡುವ ಖರ್ಚಿನದು, ಇನ್ನೊಂದು ಪರರಿಗೆ ಕೊಡುವುದರದು. ಆದ್ದರಿಂದಲೇ ಒಬ್ಬ ವ್ಯಕ್ತಿ ಫ್ರೂಗಲ್ ಆಗಿದ್ದುಕೊಂಡೇ ಮಹಾ ಉದಾರಿಯೂ ಆಗಿರಬಹುದು. ತನಗಾಗಿ ದುಂದು ಮಾಡಿ ಪರರಿಗೆ ಬಿಡಿಗಾಸು ಕೊಡದವರೂ ಇದ್ದಾರೆ. ಅಂಥವರನ್ನು ನಾನು ಬೆರಳು ಮಾಡಿ ತೋರಿಸಬೇಕಾಗಿಲ್ಲ.

ಇದಕ್ಕೆ ನಾನು ಪ್ರತಿ ಸಲ ಕೊಡುವ ಉದಾಹರಣೆ ಬೀದರ್ ಜಿಲ್ಲೆಯ ಬಸವಕಲ್ಯಾಣದ್ದು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ಶರಣ ದಂಪತಿ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ದಾಸೋಹ ನಡೆಸುತ್ತಿದ್ದರು. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದದ್ದನ್ನು ಮರಳಿ ಅಲ್ಲಿಯೇ ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳು ಎನ್ನುತ್ತದೆ ಶರಣರ ಕಥೆ. ತಮಗೆ ಬೇಕಾದದ್ದು ಹಿಡಿಯಷ್ಟು, ಬಡಿಸುವುದು ಬಂದವರಿಗೆಲ್ಲ. ಲಕ್ಕಮ್ಮನಿಗೆ ಫ್ರೂಗಲ್ ಒಪ್ಪುತ್ತದೆ, ಜೆನರಸ್ ಕೂಡ ಒಪ್ಪುತ್ತದೆ. ಪಾರ್ಸಿಮೋನಿಯಸ್ ಎಂದು ನೋಡಿ, ನಾಲಿಗೆಯೇ ಒಪ್ಪುವುದಿಲ್ಲ.

ಪಾರ್ಸಿಮೋನಿಯಸ್ ಪದಕ್ಕೆ ಪ್ರಶ್ನೆಪತ್ರಿಕೆಯಲ್ಲಿ ಎರಡೂ ಗೆರೆಗಳಿಂದ ವಿರುದ್ಧ ಪದ ಬರಬಹುದು: ಜೆನರಸ್, ಲ್ಯಾವಿಶ್, ಎಕ್ಸ್‌ಟ್ರಾವಗಂಟ್. ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ಯಾವುದಿದೆ ನೋಡಿ ಗುರುತು ಹಾಕಿ. ಸಮಾನಾರ್ಥಕ ಕೇಳಿದಾಗ ಫ್ರೂಗಲ್, ಸ್ಟಿಂಜಿ ಎರಡೂ ಆಯ್ಕೆಗಳಲ್ಲಿದ್ದರೆ ಸ್ಟಿಂಜಿಯ ಕಡೆ ಹೋಗಿ. ಸ್ಟಿಂಜಿ ಇಲ್ಲದಿದ್ದರೆ ಫ್ರೂಗಲ್ ಹಿಡಿಯದೆ ಗತಿಯಿಲ್ಲ.

ಮೈಸರ್ ಪದದ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಲ್ಯಾಟಿನ್ನಿನಲ್ಲಿ ‘ಮಿಸೆರ್’ ಎಂದರೆ ದೀನ, ದುಃಖಿ. ಇಂಗ್ಲಿಷಿನ ಮಿಸರಬಲ್ ಅದರಿಂದಲೇ ಬಂದಿದೆ, ಜಿಪುಣನನ್ನು ಹೇಳುವ ಮೈಸರ್ ಕೂಡ ಅದರಿಂದಲೇ. ಈಗ ನಮ್ಮ ‘ಕೃಪಣ’ ನೋಡಿ. ಸಂಸ್ಕೃತದಲ್ಲಿ ಕೃಪಣ ಎಂದರೆ ಜಿಪುಣನೂ ಹೌದು, ದೀನನೂ ಹೌದು. ಗೀತೆಯಲ್ಲಿ ಅರ್ಜುನ ತನ್ನನ್ನು ಕಾರ್ಪಣ್ಯ ಕೆಡಿಸಿದೆ ಎನ್ನುವಾಗ ಹಣದ ಮಾತಾಡುತ್ತಿಲ್ಲ, ಎದೆಗುಂದಿದ ಸ್ಥಿತಿಯನ್ನು ಹೇಳುತ್ತಿದ್ದಾನೆ. ನಾವು ದಿನವೂ ಆಡುವ ‘ಕಷ್ಟಕಾರ್ಪಣ್ಯ’ದಲ್ಲಿ ಕುಳಿತಿರುವುದೂ ಅದೇ. ಒಂದಕ್ಕೊಂದು ಗೊತ್ತಿಲ್ಲದ ಎರಡು ಭಾಷೆಗಳು ಜಿಪುಣನನ್ನು ನೋಡಿ ಒಂದೇ ತೀರ್ಪು ಕೊಟ್ಟಿವೆ: ಪಾಪ, ದುಃಖಿ. ಇದನ್ನು ಹೇಳಿದ ಸಂಜೆ ಮೈಸರ್ ಪದವನ್ನು ಯಾರೂ ಬರೆದುಕೊಳ್ಳಲಿಲ್ಲ. ಬರೆದುಕೊಳ್ಳುವ ಅಗತ್ಯವಿರಲಿಲ್ಲ.

ಥ್ರಿಫ್ಟಿ, ಮತ್ತು ಅದರ ಹೆಸರಿನ ಬಲೆ

ಶಹಾಪುರದ ಕಡೆಯ ಹುಡುಗಿಯೊಬ್ಬಳು ಕೇಳಿದಳು: “ಟೀಚರ್, ನಮ್ಮಪ್ಪ ಮನೆಗೆ ಸುಣ್ಣ ಹೊಡೆಸಲು ಹಣ ಬಿಚ್ಚುವುದಿಲ್ಲ. ತಾವು ಹೊಸ ಚಪ್ಪಲಿ ಕೊಳ್ಳುವುದಿಲ್ಲ. ಆದರೆ ನನ್ನ ಹಾಸ್ಟೆಲ್ ಫೀ ಒಮ್ಮೆಯೂ ತಪ್ಪಿಸಿಲ್ಲ. ಅವರಿಗೆ ಯಾವ ಪದ?” ಮಾಳಿಗೆಯ ಮೇಲೆ ವಾದವೋ ವಾದ. ಸುಣ್ಣವಿಲ್ಲದ ಗೋಡೆ ನೋಡಿದವರು ಪಾರ್ಸಿಮೋನಿಯಸ್ ಎಂದರು, ಚಪ್ಪಲಿ ನೋಡಿದವರು ಫ್ರೂಗಲ್ ಎಂದರು. ನಾನು ಕೊಟ್ಟದ್ದು ಥ್ರಿಫ್ಟಿ. ಫ್ರೂಗಲ್ ಪದದಲ್ಲಿ ಬದುಕಿನ ಸರಳತೆ ಮುಂದೆ ನಿಲ್ಲುತ್ತದೆ. ಥ್ರಿಫ್ಟಿಯಲ್ಲಿ ಹಣದ ನಿರ್ವಹಣೆ ಮುಂದೆ ನಿಲ್ಲುತ್ತದೆ, ಇಂದು ಕಟ್ಟಿಟ್ಟದ್ದು ನಾಳೆ ಒಂದು ಕೆಲಸಕ್ಕೆ ಬರುತ್ತದೆ. ಉಳಿತಾಯ ಮಾಡಿ ಸಾಲ ಕೊಡುವ ಪತ್ತಿನ ಸಹಕಾರ ಸಂಘಗಳ ಇಂಗ್ಲಿಷ್ ಹೆಸರಿನಲ್ಲಿ ‘ಥ್ರಿಫ್ಟ್’ ಕಾಣಿಸಿಕೊಳ್ಳುವುದು ಇದಕ್ಕೇ. ನಾಳೆಯ ಮುನ್ನೋಟ ಇನ್ನೂ ಹೆಚ್ಚಿದ್ದರೆ ಪ್ರಾವಿಡೆಂಟ್ ಎನ್ನಿ. ನೌಕರಿಯಲ್ಲಿರುವ ಮನೆಗಳಲ್ಲೆಲ್ಲ ಪ್ರಾವಿಡೆಂಟ್ ಫಂಡ್ ಎಂಬ ಮಾತು ಓಡಾಡುತ್ತದೆ. ಮುಂದೆ ಬರುವುದನ್ನು ನೋಡಿ ತೆಗೆದಿಡುವ ನಿಧಿ ಅದು. ಪದದಲ್ಲಿ ‘ಮುಂದೆ ನೋಡು’ ಎಂಬ ಲ್ಯಾಟಿನ್ ಧಾತು ಅಡಗಿದೆ.

ಬಲೆ ಎಂದದ್ದು ಸ್ಪೆಂಡ್‌ಥ್ರಿಫ್ಟ್ ಪದವನ್ನು. ಥ್ರಿಫ್ಟ್ ಇದೆ ಎಂದು ಮಿತವ್ಯಯಿ ಎಂದು ಬರೆದವರು ಅಂಕ ಕಳೆದುಕೊಳ್ಳುತ್ತಾರೆ. ಥ್ರಿಫ್ಟ್ ಪದಕ್ಕೆ ಹಿಂದೆ ಸಂಪತ್ತು, ಏಳಿಗೆ ಎಂಬ ಅರ್ಥವಿತ್ತು; ಏಳಿಗೆ ಹೊಂದು ಎನ್ನುವ ಥ್ರೈವ್ ಅದೇ ಮನೆತನದ್ದು. ಇದ್ದ ಸಂಪತ್ತನ್ನು ಖರ್ಚು ಮಾಡಿ ಮುಗಿಸುವವನು ಸ್ಪೆಂಡ್‌ಥ್ರಿಫ್ಟ್, ಅಂದರೆ ಶುದ್ಧ ದುಂದುಗಾರ. ಪ್ರಾಡಿಗಲ್ ಕೂಡ ಹಾಗೆಯೇ. ಬೈಬಲ್ಲಿನ ದೃಷ್ಟಾಂತದಲ್ಲಿ ಮಗ ಮನೆಗೆ ಮರಳುತ್ತಾನಾದ್ದರಿಂದ ‘ಮರಳಿ ಬಂದವನು’ ಎಂದೇ ಅದರ ಅರ್ಥವೆಂದು ತಿಳಿದವರು ಹಲವರು. ಅವನು ಪ್ರಾಡಿಗಲ್ ಆದದ್ದು ತಂದೆಯ ಆಸ್ತಿಯ ಪಾಲನ್ನು ನೀರಿನಂತೆ ಕಳೆದದ್ದಕ್ಕೆ, ಮರಳಿ ಬಂದದ್ದಕ್ಕಲ್ಲ.

ಎಕನಾಮಿಕಲ್ ಸುಲಭದ ಪದ, ಎಕನಾಮಿಕ್ ಜೊತೆ ಬೆರೆಸಬೇಡಿ ಎಂದಷ್ಟೇ ಹೇಳುತ್ತೇನೆ: ಒಂದು ಕಡಿಮೆ ಖರ್ಚಿನದು, ಇನ್ನೊಂದು ಅರ್ಥವ್ಯವಸ್ಥೆಗೆ ಸಂಬಂಧಿಸಿದ್ದು. ಇದರ ಒಂದು ಚತುರ ಬಳಕೆ ಮಾತ್ರ ಗೊತ್ತಿರಲಿ. 1986ರಲ್ಲಿ ಬ್ರಿಟನ್ನಿನ ಸಂಪುಟ ಕಾರ್ಯದರ್ಶಿ ರಾಬರ್ಟ್ ಆರ್ಮ್‌ಸ್ಟ್ರಾಂಗ್ ಸಿಡ್ನಿಯ ನ್ಯಾಯಾಲಯದಲ್ಲಿ, ಸತ್ಯದ ವಿಷಯದಲ್ಲಿ ‘ಎಕನಾಮಿಕಲ್’ ಆಗಿದ್ದುದರ ಬಗ್ಗೆ ಮಾತನಾಡಿದರು. ಸುಳ್ಳು ಎನ್ನದೆ, ಸತ್ಯವನ್ನು ಹಿಡಿದು ಹಿಡಿದು ಖರ್ಚು ಮಾಡಿದೆ ಎಂದ ಹಾಗೆ. ಅಂದಿನಿಂದ ಆ ಮಾತು ಇಂಗ್ಲಿಷ್ ಪತ್ರಿಕೆಗಳನ್ನು ಬಿಟ್ಟು ಹೋಗಿಲ್ಲ.

ಬೈಗುಳ ಹೊಗಳಿಕೆಯಾಗುವ ಜಾಗಗಳು

ಪಾರ್ಸಿಮೋನಿಯಸ್ ಬೈಗುಳ ಎಂದು ಇಷ್ಟು ಹೊತ್ತು ಹೇಳಿ ಈಗ ತಿರುಗಿ ಬೀಳುತ್ತೇನೆ ಎಂದು ಮಕ್ಕಳು ದೂರುತ್ತಾರೆ. ತಿರುಗಿ ಬೀಳಲೇಬೇಕು.

ಕ್ರಿಕೆಟ್ ವರದಿ ಓದಿ. 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧದ ಟೆಸ್ಟ್‌ನಲ್ಲಿ ಬಾಪೂ ನಾಡಕರ್ಣಿ ಒಂದರ ಹಿಂದೆ ಒಂದರಂತೆ 21 ಮೇಡನ್ ಓವರ್ ಎಸೆದರು. ಆ ಇನಿಂಗ್ಸ್‌ನ ಅವರ ಲೆಕ್ಕ: 32 ಓವರ್, 27 ಮೇಡನ್, ಕೊಟ್ಟದ್ದು 5 ರನ್, ವಿಕೆಟ್ ಒಂದೂ ಇಲ್ಲ. ಇಂಥ ಬೌಲರ್‌ಗಳನ್ನು ಇಂಗ್ಲಿಷ್ ಬರಹಗಾರರು ಪಾರ್ಸಿಮೋನಿಯಸ್ ಎಂದೂ ಮೈಸರ್ಲಿ ಎಂದೂ ಕರೆಯುತ್ತಾರೆ, ಬಾಯಿ ತುಂಬ ಹೊಗಳುತ್ತಾ. ಯಾಕೆ? ಇಲ್ಲಿ ಕೊಡದೆ ಉಳಿಸಿದ್ದು ಎದುರಾಳಿಗೆ ಬೇಕಾದದ್ದು. ನೆರೆಮನೆಯವರಿಗೆ ನೀರು ಕೊಡದಿರುವುದೂ ಇಂಗ್ಲೆಂಡಿಗೆ ರನ್ ಕೊಡದಿರುವುದೂ ಒಂದೇ ಅಲ್ಲವಲ್ಲ. ಹಾಗಾಗಿ ವಾಕ್ಯದಲ್ಲಿ ಈ ಪದ ಕಂಡಾಗ ಕೇಳಿಕೊಳ್ಳಿ: ತಡೆಹಿಡಿದದ್ದು ಏನನ್ನು, ಯಾರಿಂದ?

ವಿಜ್ಞಾನದಲ್ಲಿ ಇದು ಬಹು ದೊಡ್ಡ ಗೌರವದ ಪದ. ಒಂದು ಘಟನೆಯನ್ನು ಎರಡು ವಿವರಣೆಗಳು ಸಮನಾಗಿ ವಿವರಿಸುವುದಾದರೆ, ಕಡಿಮೆ ಊಹೆಗಳನ್ನು ಬೇಡುವ ವಿವರಣೆಯನ್ನು ಹಿಡಿ ಎಂಬ ನಿಯಮಕ್ಕೆ ಪಾರ್ಸಿಮನಿಯ ನಿಯಮ ಎನ್ನುತ್ತಾರೆ. ಹದಿನಾಲ್ಕನೇ ಶತಮಾನದ ಇಂಗ್ಲೆಂಡಿನ ತತ್ವಜ್ಞಾನಿ ವಿಲಿಯಂ ಆಫ್ ಆಕ್‌ಹ್ಯಾಮ್ ಹೆಸರಿನಲ್ಲಿ ಇದೇ ‘ಆಕ್‌ಹ್ಯಾಮನ ಕ್ಷೌರಕತ್ತಿ’ ಎಂದು ಪ್ರಸಿದ್ಧ. ಸಂಖ್ಯಾಶಾಸ್ತ್ರದಲ್ಲಿ ಕೆಲವೇ ಚರಾಂಶಗಳಿಂದ ಕೆಲಸ ಸಾಧಿಸುವ ಮಾದರಿಗೆ ಪಾರ್ಸಿಮೋನಿಯಸ್ ಮಾದರಿ ಎನ್ನುತ್ತಾರೆ. ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ಸೇರಿರುವ ಒಬ್ಬ ಹಳೆಯ ವಿದ್ಯಾರ್ಥಿಗೆ ತನ್ನ ಮಾದರಿಯನ್ನು ಮಾರ್ಗದರ್ಶಕರು ಪಾರ್ಸಿಮೋನಿಯಸ್ ಎಂದಾಗ ಮುಖ ಬಾಡಿತ್ತಂತೆ. ಹೋಗಿ ಪೇಡೆ ಹಂಚಪ್ಪ ಎಂದೆ.

ಹಳೆಯ ಬರಹಗಳಲ್ಲೂ ಎಚ್ಚರವಿರಲಿ. 1776ರಲ್ಲಿ ಆಡಂ ಸ್ಮಿತ್ ಬಂಡವಾಳ ಬೆಳೆಯುವುದು ಪಾರ್ಸಿಮನಿಯಿಂದ ಎಂದು ಬರೆದಾಗ ಜಿಪುಣತನವನ್ನು ಕುರಿತು ಹೇಳುತ್ತಿರಲಿಲ್ಲ. ಕಾಲ ಕಳೆದಂತೆ ಪದ ಕಹಿಯಾಗಿದೆ.

ಬರೆಯುವ ಅಭ್ಯಾಸ

ಇಂಗ್ಲಿಷ್ ವಾಕ್ಯಗಳನ್ನು ನಾನು ಕೊಡುವುದಿಲ್ಲ; ಕೊಟ್ಟರೆ ಅದನ್ನೂ ಉರು ಹೊಡೆಯುತ್ತೀರಿ. ವಿಷಯ ಕೊಡುತ್ತೇನೆ, ವಾಕ್ಯ ನಿಮ್ಮದಾಗಲಿ.

ಬಿದರಿ ಕಲೆಯ ಬಗ್ಗೆ ಬರೆಯಿರಿ. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯ ತಂತಿಯನ್ನೋ ತಗಡನ್ನೋ ಕುಳ್ಳಿರಿಸಿ, ಬೀದರ್ ಕೋಟೆಯ ಮಣ್ಣಿನಿಂದ ಲೋಹವನ್ನು ಕಪ್ಪಾಗಿಸುತ್ತಾರೆ. ಕೆಲವು ಹೂಜಿಗಳಲ್ಲಿ ಬೆಳ್ಳಿ ಎಷ್ಟು ಕಡಿಮೆ ಎಂದರೆ ಆ ಕಪ್ಪೇ ಮಾತಾಡುತ್ತದೆ. ಇಲ್ಲಿ ಬೇಕಾದದ್ದು ಸ್ಪೇರಿಂಗ್, ಕ್ರಿಯಾವಿಶೇಷಣವಾದರೆ ಸ್ಪೇರಿಂಗ್ಲಿ. ಹೊಗಳಿಕೆಯೂ ಅಲ್ಲ, ಬೈಗುಳವೂ ಅಲ್ಲ. ಸ್ವಲ್ಪವೇ ಬಳಸಿದ್ದಾರೆ ಎಂಬ ವಾರ್ತೆ. ಕಲಾವಿದ ಬೆಳ್ಳಿಯ ವಿಷಯದಲ್ಲಿ ಪಾರ್ಸಿಮೋನಿಯಸ್ ಎಂದು ಬರೆದರೆ ಗಿರಾಕಿಗೆ ಮೋಸ ಮಾಡಿದಂತೆ ಕೇಳಿಸುತ್ತದೆ.

ಮಂಗಳಯಾನದ ಬಗ್ಗೆ ಬರೆಯಿರಿ. 2013ರ ನವೆಂಬರ್‌ನಲ್ಲಿ ಹಾರಿ 2014ರ ಸೆಪ್ಟೆಂಬರ್‌ನಲ್ಲಿ ಮಂಗಳನ ಕಕ್ಷೆ ಸೇರಿದ ಆ ನೌಕೆಯ ಯೋಜನೆಗೆ ತಗಲಿದ ವೆಚ್ಚ ಸುಮಾರು 450 ಕೋಟಿ ರೂಪಾಯಿ. ಅದನ್ನು ಜಗತ್ತು ಹೊಗಳಿದ್ದು ಫ್ರೂಗಲ್ ಎಂಜಿನಿಯರಿಂಗ್ ಎಂದು. ಯಾಕೆ ಫ್ರೂಗಲ್ ಎಂಬುದಕ್ಕೆ ನಿಮ್ಮದೇ ಕಾರಣ ಎರಡು ಸಾಲಿನಲ್ಲಿ ಕೊಡಿ.

ಊಟ, ಬದುಕು, ಅಭ್ಯಾಸಗಳಿಗೆ ಫ್ರೂಗಲ್ ಚೆನ್ನಾಗಿ ಹೊಂದುತ್ತದೆ. ಅಂಗಡಿಯವನು ತಟ್ಟೆಯಲ್ಲಿ ಹಾಕಿದ ಅಳತೆ ಕಡಿಮೆಯಾದರೆ ಸ್ಟಿಂಜಿ. ಅನುದಾನ ಕೊಡಲು ಹಿಂದೆಮುಂದೆ ನೋಡುವ ಸರ್ಕಾರಕ್ಕೆ ಪಾರ್ಸಿಮೋನಿಯಸ್. ನಮ್ಮ ಭಾಗದವರಿಗೆ ಈ ವಾಕ್ಯಕ್ಕೆ ವಿಷಯದ ಕೊರತೆ ಬರಲಾರದು. ಹಣವಲ್ಲದ್ದಕ್ಕೂ ಇದು ಬರುತ್ತದೆ: ಮೆಚ್ಚುಗೆಯ ಮಾತು ಆಡದ ಶಿಕ್ಷಕರನ್ನು ಹೊಗಳಿಕೆಯಲ್ಲಿ ಪಾರ್ಸಿಮೋನಿಯಸ್ ಎನ್ನಬಹುದು. ಯಾವುದರಲ್ಲಿ ಎಂದು ಹೇಳುವಾಗ ಮುಂದೆ ‘ವಿತ್’ ಬರಬೇಕು, ‘ಆಫ್’ ಅಲ್ಲ. ಈ ವಾಕ್ಯವನ್ನು ನನ್ನ ಮೇಲೆಯೇ ಪ್ರಯೋಗಿಸಿ ತೋರಿಸಿದ ಹುಡುಗನಿಗೆ ಶಹಬ್ಬಾಸ್ ಎಂದೆ. ವಾಕ್ಯ ಅಲ್ಲಿಗೇ ಸುಳ್ಳಾಯಿತು.

ಬರೆದದ್ದನ್ನು ಮರುದಿನ ಬೆಳಿಗ್ಗೆ ನೋಟ್‌ಬುಕ್ ಮುಚ್ಚಿ ನೆನಪಿಸಿಕೊಳ್ಳಿ, ಮತ್ತೆ ಕೆಲವು ದಿನ ಬಿಟ್ಟು, ಆಮೇಲೆ ತಿಂಗಳು ಬಿಟ್ಟು. ಮರೆವು ಮೊದಲ ಗಂಟೆಗಳಲ್ಲೇ ಹೆಚ್ಚು ಕಬಳಿಸುತ್ತದೆ ಎಂದು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು ತೋರಿಸಿದ್ದಾನೆ. ಹಳದಿ ಬಣ್ಣ ಬಳಿದು ಮತ್ತೆ ಮತ್ತೆ ಓದುವುದರಿಂದ ಪುಟ ಹಳದಿಯಾಗುತ್ತದೆ, ಅಷ್ಟೇ.

ಇದೇ ಗುಂಪಿನಲ್ಲಿ ಅಬ್‌ಸ್ಟೀಮಿಯಸ್ ಸಿಗುತ್ತದೆ: ಊಟ, ಪಾನೀಯಗಳಲ್ಲಿ ಮಿತ ಇರುವವರು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ನೋಡಿದರೆ ಐದು ಸ್ವರಗಳೂ ವರ್ಣಮಾಲೆಯ ಕ್ರಮದಲ್ಲೇ ಬಂದಿರುತ್ತವೆ. ಕಾಗುಣಿತ ತಪ್ಪುವ ಭಯವಿಲ್ಲ.

ಕೊನೆಗೆ, ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ನಿಗರ್ಡ್ಲಿ ಎಂಬ ಪದವೂ ಕಾಣುತ್ತದೆ. ಅರ್ಥ ಜಿಪುಣ ಎಂದೇ. ಕಪ್ಪು ಜನರನ್ನು ಹೀಯಾಳಿಸುವ ಪದಕ್ಕೂ ಇದಕ್ಕೂ ಹುಟ್ಟಿನಿಂದ ಸಂಬಂಧವಿಲ್ಲ, ಆದರೆ ಕಿವಿಗೆ ಹತ್ತಿರವಾಗಿ ಕೇಳಿಸುತ್ತದೆ. 1999ರಲ್ಲಿ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಮೇಯರ್ ಕಚೇರಿಯ ಅಧಿಕಾರಿಯೊಬ್ಬರು ಬಜೆಟ್ ಬಗ್ಗೆ ಮಾತನಾಡುತ್ತಾ ಈ ಪದ ಬಳಸಿ, ಗದ್ದಲವೆದ್ದು ರಾಜೀನಾಮೆ ಕೊಡಬೇಕಾಯಿತು. ಆಮೇಲೆ ಅವರನ್ನು ಮತ್ತೆ ಕೆಲಸಕ್ಕೆ ಕರೆದರು. ಪ್ರಶ್ನೆಪತ್ರಿಕೆಯಲ್ಲಿ ಬಂದರೆ ಸ್ಟಿಂಜಿಯ ಜೊತೆಗೆ ಸೇರಿಸಿ ಗುರುತು ಹಾಕಿ. ಬಾಯಲ್ಲಿ, ಬರಹದಲ್ಲಿ ಬಳಸಲು ಹೋಗಬೇಡಿ; ಆ ಕೆಲಸಕ್ಕೆ ಪಾರ್ಸಿಮೋನಿಯಸ್ ಇದ್ದೇ ಇದೆ.